ತಮಟೆ ಆರುವ ಮುಂಚೆ

ನಾನು ಡಿಜೆ ಶುರು ಮಾಡಿದ ಕಾಲಕ್ಕೆ ಬೆಂಗಳೂರಿನ ಪಬ್‌ಗಳು ರಾತ್ರಿ 11.30ಕ್ಕೆಲ್ಲ ಬಾಗಿಲು ಹಾಕುತ್ತಿದ್ದವು. ಜನರ ಮೈ ಬಿಸಿಯಾಗುವಷ್ಟರಲ್ಲಿ ಲೈಟ್ ಹೊತ್ತಿಸುತ್ತಿದ್ದರು. ಹಾಗಾಗಿ ಎಲ್ಲರಿಗೂ ಗೊತ್ತಿರುವ ಹಾಡುಗಳನ್ನೇ ಹಾಕಬೇಕಿತ್ತು. ಸಮಯ 1 ಗಂಟೆವರೆಗೆ ಸಿಕ್ಕ ಮೇಲೆ ನನಗಿಷ್ಟವಾದದ್ದನ್ನು ನುಡಿಸುವ ಧೈರ್ಯ ಬಂತು.

ನನಗಿಷ್ಟವಾದದ್ದು ಅಂದರೆ ಬರೀ ಪೆಟ್ಟುಗಳ ಮೇಲೆ ನಿಂತ ಕ್ಲಬ್ ಸಂಗೀತ. 2007ರಲ್ಲಿ ಶುರುವಾದ ಬ್ರಿಟನ್ನಿನ ಹೆಸಲ್ ಆಡಿಯೊ ಅನ್ನೋ ರೆಕಾರ್ಡ್ ಲೇಬಲ್, ಲಿಸ್ಬನ್ನಿನ ಪ್ರಿನ್ಸಿಪೆ ಲೇಬಲ್, ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಹುಟ್ಟಿದ ಗ್ಕೋಮ್ ಅನ್ನೋ ಸಂಗೀತ ಶೈಲಿ. ಹಾಡು ಕಡಿಮೆ, ತಾಳ ಜಾಸ್ತಿ. ಇವನ್ನು ಮಿಕ್ಸ್ ಮಾಡೋದು ಸುಲಭವಲ್ಲ. ಹೌಸ್ ಟ್ರ್ಯಾಕ್‌ನಲ್ಲಿ ನಾಲ್ಕೂ ಎಣಿಕೆಗೆ ಕಿಕ್, ಅಂದರೆ ಡ್ರಮ್ಮಿನ ದಪ್ಪ ಪೆಟ್ಟು, ಬೀಳುತ್ತದೆ, ಒಂದರ ಮೇಲೊಂದು ಕೂರಿಸಿದರೆ ಆಯ್ತು. ಇಲ್ಲಿ ಕಿಕ್ ನಂಬಿಕೊಂಡರೆ ಕೆಟ್ಟಿರಿ. ನಾನು ಹೆಡ್‌ಫೋನ್‌ನಲ್ಲಿ ಶೇಕರ್ ಅಥವಾ ಹೈಹ್ಯಾಟ್‌ನ ತೆಳು ಸದ್ದು ಹಿಡಿಯುತ್ತೇನೆ. ಬರುವ ಟ್ರ್ಯಾಕಿನ ಬೇಸ್ ಪೂರ್ತಿ ಇಳಿಸಿ, ಮೇಲಿನ ಸದ್ದುಗಳು ಒಂದಕ್ಕೊಂದು ಮಾತಾಡೋಕೆ ಶುರು ಮಾಡಿದ ಮೇಲೆ ಬೇಸ್ ಬದಲಾಯಿಸುತ್ತೇನೆ.

ನುಡಿಸುವುದು ಕೈಗೆ ಬಂತು. ಆದರೆ ನಾನೇ ಮಾಡಿದ ಟ್ರ್ಯಾಕ್‌ಗಳಲ್ಲಿ ಜೀವವೇ ಇರಲಿಲ್ಲ.

ಆಗ ಕೋಲಾರದ ಕಡೆ ನಮ್ಮೂರ ಹಬ್ಬಕ್ಕೆ ರೆಕಾರ್ಡರ್ ಹಿಡಿದು ಹೋದೆ. ತಮಟೆ ಬಡಿಯುವ ಅಣ್ಣನ ಮುಂದೆ ಮೈಕ್ ಹಿಡಿದರೆ, "ತಡ್ಕೊ ತಮ್ಮ, ಇನ್ನೂ ಕಾದಿಲ್ಲ" ಅಂದರು. ತೆಂಗಿನ ಗರಿ ಉರಿಸಿ, ತಮಟೆಯನ್ನು ಬೆಂಕಿಗೆ ಹಿಡಿದು ನಿಧಾನಕ್ಕೆ ತಿರುಗಿಸುತ್ತಿದ್ದರು. ನಡುನಡುವೆ ಬೆರಳಲ್ಲಿ ತಟ್ಟಿ, ಕಿವಿ ಹತ್ತಿರ ತಂದು ಕೇಳೋರು. ಕಾದಂತೆ ಚರ್ಮ ಬಿಗಿಯುತ್ತದೆ, ಸದ್ದು ಮೇಲೇರಿ ಕಣಕಣ ಅನ್ನುತ್ತದೆ. ಆರುತ್ತಾ ಬಂದಂತೆ ಮತ್ತೆ ಸಡಿಲ.

ಮನೆಗೆ ಬಂದು ಆ ರೆಕಾರ್ಡಿಂಗನ್ನು 136 ಬಿಪಿಎಂಗೆ, ಅಂದರೆ ನಿಮಿಷಕ್ಕೆ 136 ಎಣಿಕೆಯ ವೇಗಕ್ಕೆ ಕೂರಿಸಿ, ಪ್ರತಿ ಪೆಟ್ಟನ್ನೂ ಗ್ರಿಡ್‌ಗೆ, ಅಂದರೆ ಸ್ಕ್ರೀನ್ ಮೇಲಿನ ಎಣಿಕೆಯ ಗೆರೆಗಳಿಗೆ ಎಳೆದೆ. ಸತ್ತೇ ಹೋಯಿತು. ಸ್ಕ್ರೀನ್ ದೊಡ್ಡದು ಮಾಡಿ ನೋಡಿದೆ. ಆ ವೇಗದಲ್ಲಿ ಎಣಿಕೆಯ ಕಾಲು ಭಾಗ ಅಂದರೆ ಸುಮಾರು 110 ಮಿಲಿಸೆಕೆಂಡ್. ಅಣ್ಣನ ದಪ್ಪ ಕಡ್ಡಿ ಸರಿಯಾಗಿ ಗೆರೆಯ ಮೇಲೆ ಬೀಳುತ್ತಿತ್ತು. ತೆಳು ಕಡ್ಡಿ ಹದಿನೈದು ಇಪ್ಪತ್ತು ಮಿಲಿಸೆಕೆಂಡ್ ಹಿಂದೆ, ಅದೂ ಪ್ರತಿ ಸಲ ಒಂದೇ ಅಲ್ಲ. ಕಾಲು ಕುಣಿಸುತ್ತಿದ್ದದ್ದು ಆ ತಡವೇ. ಮಾಡಿದ್ದನ್ನೆಲ್ಲ ಅಳಿಸಿ ಅವರ ಪೆಟ್ಟುಗಳನ್ನು ಇದ್ದಲ್ಲೇ ಬಿಟ್ಟೆ, ನನ್ನ ಹೈಹ್ಯಾಟ್‌ಗಳನ್ನು ಅವುಗಳ ಹಿಂದೆ ಸರಿಸಿದೆ. ತಮಟೆಯ ಅಡಿಯ ಗುಂಯ್ ಸದ್ದನ್ನು ಫಿಲ್ಟರ್‌ನಲ್ಲಿ ಕತ್ತರಿಸಿ ಕಿಕ್‌ಗೆ ಜಾಗ ಮಾಡಿಕೊಟ್ಟೆ. ನಾನು ಮುಗಿಸಿದ ಟ್ರ್ಯಾಕ್‌ಗಳಲ್ಲಿ ನನ್ನದು ಅನ್ನಿಸಿದ ಮೊದಲನೆಯದು ಅದು.

ಟ್ರ್ಯಾಕ್ ಮೇಲೆ ಅಣ್ಣನ ಹೆಸರಿದೆ, ಬಂದ ದುಡ್ಡಲ್ಲಿ ಅರ್ಧ ಅವರದು. ಅದು ಉಪಕಾರ ಅಲ್ಲ. ಈ ವಾದ್ಯ ಬಡಿಯುವವರನ್ನು ಜಾತಿಯ ಹೆಸರಲ್ಲಿ ಊರಾಚೆ ನಿಲ್ಲಿಸಿ, ಹಬ್ಬಕ್ಕೂ ಸಾವಿಗೂ ಮಾತ್ರ ಕರೆದ ಊರುಗಳು ನಮ್ಮವು. 2023ರಲ್ಲಿ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ ತಮಟೆಗಾಗಿ ಪದ್ಮಶ್ರೀ ಬಂದಾಗ ಅಣ್ಣನಿಗೆ ಫೋನ್ ಮಾಡಿದೆ. ತುಂಬ ಹೊತ್ತು ಮಾತೇ ಆಡಲಿಲ್ಲ ಅವರು.

ಎರಡನೇ ಟ್ರ್ಯಾಕನ್ನು ಕ್ಲಬ್‌ನಲ್ಲಿ ನುಡಿಸುವ ಮೊದಲು ಅವರಿಗೇ ಕೇಳಿಸಿದೆ. ಜಗಲಿ ಮೇಲೆ ಕೂತು, ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿದರು. ಮೂರನೇ ನಿಮಿಷಕ್ಕೆ ಹೆಡ್‌ಫೋನ್ ತೆಗೆದರು.

"ಇಲ್ಲಿ ಆರ್ಬಿಟ್ಟಿದೆ ನೋಡು. ಕಾಯಿಸ್ದೆ ಹೆಂಗೆ ಬಡೀತಿಯಾ?"

ಆ ಜಾಗದಲ್ಲಿ ಈಗ ಎಂಟು ಬಾರ್, ಅಂದರೆ ನಾಲ್ಕು ಎಣಿಕೆಯ ಎಂಟು ಸುತ್ತು, ಕಿಕ್ ಇಲ್ಲ, ಬೇಸ್ ಇಲ್ಲ. ಉರಿಯುವ ಗರಿಯ ಚಟಪಟ, ನಡುವೆ ಬೆರಳಲ್ಲಿ ತಟ್ಟುವ ಸದ್ದು. ಒಂಬತ್ತನೇ ಬಾರ್‌ಗೆ ಕಾದ ತಮಟೆ ಒಳಗೆ ಬರುತ್ತದೆ.