ಇಂಗ್ಲಿಷ್ ಪೀರಿಯಡ್‌ನ ಮೊದಲ ಐದು ನಿಮಿಷ

ಆರರಿಂದ ಎಂಟನೇ ತರಗತಿಗೆ ಇಂಗ್ಲಿಷ್ ತೆಗೆದುಕೊಳ್ಳುವ ಮೇಷ್ಟ್ರು, ಮೇಡಂಗಳಿಗಾಗಿ ಬರೆಯುತ್ತಿದ್ದೇನೆ. 40 ನಿಮಿಷದ ಪೀರಿಯಡ್‌ನಲ್ಲಿ ಮೊದಲ ಐದು ನಿಮಿಷ ಪುಸ್ತಕ ಮುಚ್ಚಿಸಿ. ಅಷ್ಟರಲ್ಲಿ ಪ್ರತಿ ಮಗುವೂ ಒಮ್ಮೆಯಾದರೂ ಬಾಯಿ ಬಿಡಬೇಕು. ಎದ್ದು ನಿಂತು ರಾಗವಾಗಿ ‘ಗುಡ್ ಮಾರ್ನಿಂಗ್ ಮಿಸ್’ ಅನ್ನುವುದು ಲೆಕ್ಕಕ್ಕಿಲ್ಲ.

ಮೊದಲ ಪೀರಿಯಡ್ ನಿಮ್ಮದೇ ಆದರೆ ಹಾಜರಿಯನ್ನೇ ಬಳಸಿಕೊಳ್ಳಿ, ಹೇಗೂ ಅದಕ್ಕೆ ಸಮಯ ಹೋಗುತ್ತದೆ. ‘ಎಸ್ ಮಿಸ್’ ಬದಲು ಒಂದು ಪದ ಹೇಳಲಿ: ಸೋಮವಾರ ತರಕಾರಿ, ಮಂಗಳವಾರ ಅಡುಗೆಮನೆ ಸಾಮಾನು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವಂತಿಲ್ಲ. ಪಟ್ಟಿಯ ಕೊನೆಯಲ್ಲಿರುವವರಿಗೆ ಪದವೇ ಉಳಿಯುವುದಿಲ್ಲ, ಅದಕ್ಕೆ ದಿನ ಬಿಟ್ಟು ದಿನ ಕೆಳಗಿನಿಂದ ಮೇಲಕ್ಕೆ ಕೂಗಿ. ನಮ್ಮದು ಚಳ್ಳಕೆರೆ ಸೀಮೆ, ಶೇಂಗಾ ನಾಡು. ಒಬ್ಬ ತರಕಾರಿ ದಿನ ‘ಗ್ರೌಂಡ್‌ನಟ್’ ಅಂದ. ಅದು ತರಕಾರಿಯಲ್ಲ ಅಂದೆ. ‘ಮಿಸ್, ವಿ ಪುಟ್ ಇಟ್ ಇನ್ ಪಲ್ಯ’ ಅಂದ. ಹಾಜರಿ ಹಾಕಿದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ಆಡ್ ಒನ್ ಔಟ್’. ಬೋರ್ಡ್ ಮೇಲೆ ನಾಲ್ಕು ಪದ ಬರೆಯಿರಿ: ಕೌ, ಗೋಟ್, ಕ್ರೋ, ಬಫಲೋ. ಗುಂಪಿಗೆ ಸೇರದ್ದು ಯಾವುದು? ಕಾಗೆ ಅಂತ ಎಲ್ಲರೂ ಕೂಗುತ್ತಾರೆ. ಅಲ್ಲಿಗೆ ಬಿಡಬೇಡಿ. ಯಾವ ಉತ್ತರವೂ ಸರಿಯೇ, ಆದರೆ ‘ಬಿಕಾಸ್’ ಹಾಕಿ ಕಾರಣ ಕೊಡಬೇಕು. ‘ಬಫಲೋ, ಬಿಕಾಸ್ ಇಟ್ ಲೈಕ್ಸ್ ವಾಟರ್.’ ‘ಗೋಟ್, ಬಿಕಾಸ್ ಮೈ ಹೌಸ್ ಹ್ಯಾವ್ ಗೋಟ್.’ ಈ ಎರಡನೆಯದರ ವ್ಯಾಕರಣವನ್ನು ಆಗಲೇ ತಿದ್ದಲು ಹೋದರೆ ನಾಳೆ ಆ ಹುಡುಗಿ ಮಾತಾಡಲ್ಲ. ‘ಓ, ಯು ಹ್ಯಾವ್ ಎ ಗೋಟ್ ಅಟ್ ಹೋಮ್!’ ಅಂತ ನೀವೇ ಸರಿಯಾಗಿ ಒಮ್ಮೆ ಹೇಳಿ ಮುಂದಕ್ಕೆ ಹೋಗಿ.

ಪದಗಳ ಅಂತ್ಯಾಕ್ಷರಿ ಎಲ್ಲರಿಗೂ ಗೊತ್ತು. ತೊಡಕು ಒಂದೇ: ಟೇಬಲ್, ಆ್ಯಪಲ್, ಆರೆಂಜ್ ಎಲ್ಲದರ ಕೊನೆಗೂ ‘ಇ’. ನಾಲ್ಕು ಸುತ್ತಿಗೆ ‘ಇ’ ಪದಗಳು ಖಾಲಿ. ಕೊನೆಗೆ ‘ಇ’ ಬಂದರೆ ಅದರ ಹಿಂದಿನ ಅಕ್ಷರ ತೆಗೆದುಕೊಳ್ಳಬೇಕು ಅಂತ ನಿಯಮ ಮಾಡಿ, ಆಟ ಓಡುತ್ತದೆ. ತಪ್ಪಿದವರನ್ನು ‘ಔಟ್’ ಮಾಡಿ ಕೂರಿಸಬೇಡಿ. ಹಾಗೆ ಮಾಡಿದರೆ ಯಾರಿಗೆ ಅಭ್ಯಾಸ ಬೇಕೋ ಅವರೇ ಮೊದಲು ಕೂರುತ್ತಾರೆ.

ಏಳು, ಎಂಟನೇ ತರಗತಿಗೆ ವಾಕ್ಯ ಬೆಳೆಸುವ ಆಟ ಕೊಡಿ. ‘ದ ಗೋಟ್ ರ್‍ಯಾನ್’ ಅಂತ ಬರೆಯಿರಿ. ಪ್ರತಿ ಸಾಲಿನವರು ಒಂದಿಷ್ಟು ಸೇರಿಸಬೇಕು. ‘ದ ಬ್ಲ್ಯಾಕ್ ಗೋಟ್ ರ್‍ಯಾನ್’, ಆಮೇಲೆ ‘ದ ಬ್ಲ್ಯಾಕ್ ಗೋಟ್ ರ್‍ಯಾನ್ ಬಿಹೈಂಡ್ ದ ಬಸ್’. ಕನ್ನಡದಲ್ಲಿ ಬಸ್ಸಿನ ‘ಹಿಂದೆ’ ಅನ್ನುವವರು ಇಲ್ಲಿ ‘ಬಸ್ ಬಿಹೈಂಡ್’ ಅಂತ ಬರೆಯುತ್ತಾರೆ. ಎಲ್ಲಿ ಸೇರಿಸಬೇಕು ಅಂತ ನೀವು ಹೇಳಬೇಡಿ, ತರಗತಿಯೇ ಜಗಳ ಆಡಿ ತೀರ್ಮಾನಿಸಲಿ.

ಅಕ್ಷರವೇ ಸರಿಯಾಗಿ ಬಾರದ ಮಕ್ಕಳು ಆರನೇ ತರಗತಿಯಲ್ಲೂ ಇರುತ್ತಾರೆ. ಅವರಿಗೆ ಬಿಸ್ಕೆಟ್, ಸೋಪಿನ ಖಾಲಿ ಪೊಟ್ಟಣ ತರಲು ಹೇಳಿ. ಬೆಲೆ ಎಷ್ಟು, ತೂಕ ಎಷ್ಟು, ‘ಬೆಸ್ಟ್ ಬಿಫೋರ್’ ಎಲ್ಲಿದೆ ಅಂತ ಕೇಳಿ. ಬಣ್ಣ, ಚಿತ್ರ ನೋಡಿಯೇ ಹೆಸರು ಓದುತ್ತಾರೆ. ಓದಲಿ ಬಿಡಿ, ಅದೂ ಓದೇ.

ಶನಿವಾರ ಬೆಳಗಿನ ಶಾಲೆ, ಆ ಐದು ನಿಮಿಷ ಮಕ್ಕಳಿಗೇ ಬಿಡಿ. ನಡೆಸುವವರ ಹೆಸರನ್ನು ಶುಕ್ರವಾರವೇ ಹೇಳಿ, ಒಬ್ಬರನ್ನಲ್ಲ, ಜೋಡಿಯನ್ನು ನಿಲ್ಲಿಸಿ. ನೀವು ಹಿಂದಿನ ಬೆಂಚಿನಲ್ಲಿ ಕೂತು ಅವರು ಕೂಗಿದಾಗ ನಿಮ್ಮ ಪದ ಹೇಳಿ.