ಜೇಡರ ಬಲೆ ಗುಡಿಸಬೇಡಿ, ಹಮ್ಮಿಂಗ್ ಬರ್ಡ್ ಬರುತ್ತೆ

ಅಮೆರಿಕದ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ನಮ್ಮ ಹಿತ್ತಲು ದೊಡ್ಡದೇನಲ್ಲ. ಒಂದು ನಿಂಬೆ ಗಿಡ, ಕರಿಬೇವಿನ ಕುಂಡ, ಬೇಲಿಯುದ್ದಕ್ಕೂ ಒಂದು ಪಾತಿ, ಅಷ್ಟೆ. ಆದರೂ ಹೂವಿನ ಮಕರಂದ ಹೀರುವ ಪುಟ್ಟ ಹಕ್ಕಿ ಹಮ್ಮಿಂಗ್ ಬರ್ಡ್ ವರ್ಷವಿಡೀ ಬರುತ್ತದೆ. ಊರಲ್ಲಿ ಸೂರಕ್ಕಿ ನೋಡಿ ಬೆಳೆದವರಿಗೆ ಇದೂ ಅದೇ ಜಾತಿ ಇರಬೇಕು ಅನ್ನಿಸುತ್ತದೆ. ಎರಡಕ್ಕೂ ಹತ್ತಿರದ ನೆಂಟಸ್ತಿಕೆಯೇ ಇಲ್ಲ. ಇಲ್ಲಿ ಹೆಚ್ಚಾಗಿ ಕಾಣುವುದು ಆ್ಯನಾ ಹಮ್ಮಿಂಗ್ ಬರ್ಡ್. ತೂಕ 4 ಗ್ರಾಂ ಆಸುಪಾಸು. ಚಳಿಗಾಲದಲ್ಲೂ ಇಲ್ಲೇ ಇರುತ್ತದೆ.

ಎಲ್ಲರೂ ಮೊದಲು ಕೇಳುವುದು ಫೀಡರ್, ಅಂದರೆ ಹಕ್ಕಿಗೆ ಸಕ್ಕರೆ ನೀರು ತುಂಬಿ ನೇತುಹಾಕುವ ಬಾಟಲಿಯ ಬಗ್ಗೆ. ಒಂದು ಲೋಟ ಬಿಳಿ ಸಕ್ಕರೆಗೆ ನಾಲ್ಕು ಲೋಟ ನೀರು. ಕರಗಿಸಿ, ಆರಿಸಿ, ತುಂಬಿಸಿದರೆ ಆಯಿತು. ಬಣ್ಣ ಹಾಕಬೇಡಿ, ಫೀಡರ್‌ನ ಕೆಂಪು ಮುಚ್ಚಳವೇ ಸಾಕು. ಅತ್ತೆ ಊರಿಂದ ಬಂದಿದ್ದಾಗ "ಬಿಳಿ ಸಕ್ಕರೆ ಯಾಕಮ್ಮ, ಬೆಲ್ಲ ಹಾಕು, ಒಳ್ಳೇದಲ್ವಾ?" ಅಂದರು. ನಮಗೇನೋ ಒಳ್ಳೆಯದೇ. ಆದರೆ ಬೆಲ್ಲದ ಕಬ್ಬಿಣದಂಶ ಈ ಹಕ್ಕಿಗೆ ಆಗಿಬರುವುದಿಲ್ಲ. ಜೇನುತುಪ್ಪ ಬೆರೆಸಿದ ನೀರಿಗೆ ಬೇಗ ಬೂಸ್ಟು ಬರುತ್ತದೆ, ಅದೂ ಬೇಡ. ಬೇಸಿಗೆಯಲ್ಲಿ ಸಕ್ಕರೆ ನೀರೂ ಕೆಡುತ್ತದೆ, ಎರಡು ದಿನಕ್ಕೊಮ್ಮೆ ಬಿಸಿನೀರಲ್ಲಿ ಉಜ್ಜಿ ತೊಳೆದು ಹೊಸದಾಗಿ ತುಂಬಬೇಕು. ಪುರುಸೊತ್ತಿಲ್ಲ ಅನ್ನುವವರು ಫೀಡರ್ ನೇತುಹಾಕದೆ ಇರುವುದೇ ವಾಸಿ.

ನನ್ನ ಪ್ರಕಾರ ಗಿಡಗಳೇ ಮುಖ್ಯ. ಒಂದರ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವ ಹಾಗೆ ನೆಟ್ಟಿದ್ದೇನೆ. ಚಳಿಗಾಲದ ಕೊನೆಗೆ ಗುಲಾಬಿ ಬಣ್ಣದ ಹೂಗೊಂಚಲು ಬಿಡುವ ಕರಂಟ್ ಅನ್ನುವ ಪೊದೆ, ವಸಂತಕ್ಕೆ ಬೇಲಿಯ ನೆರಳಲ್ಲೂ ಬರುವ ಹಮ್ಮಿಂಗ್ ಬರ್ಡ್ ಸೇಜ್, ಬೇಸಿಗೆ ಕೊನೆಯಲ್ಲಿ ಉಳಿದದ್ದೆಲ್ಲ ಒಣಗಿದಾಗ ಕಿತ್ತಳೆಗೆಂಪು ಕೊಳವೆ ಹೂವಿನ ಕ್ಯಾಲಿಫೋರ್ನಿಯಾ ಫ್ಯೂಷಿಯಾ. ಮೂರೂ ಈ ನೆಲದ್ದೇ. ಬೇರು ಬಿಟ್ಟ ಮೇಲೆ ಹೆಚ್ಚು ನೀರು ಕೇಳುವುದಿಲ್ಲ.

ಗಂಡು ಹಕ್ಕಿಯ ಜಂಭ ನೋಡಬೇಕು! ನಿಂಬೆಯ ತುದಿಯಲ್ಲಿ ಕೂತು ಇಡೀ ಹಿತ್ತಲು ಕಾಯುತ್ತದೆ. ಕುತ್ತಿಗೆ ಕಪ್ಪಗೆ ಕಾಣುತ್ತಿರುತ್ತದೆ, ಸ್ವಲ್ಪ ತಿರುಗಿದರೆ ಸಾಕು, ಬಿಸಿಲಿಗೆ ತಲೆಯೆಲ್ಲ ಗುಲಾಬಿಯಾಗಿ ಹೊಳೆಯುತ್ತದೆ. ಒಮ್ಮೊಮ್ಮೆ ಎತ್ತರಕ್ಕೆ ಹಾರಿ ನೆಟ್ಟಗೆ ಕೆಳಗೆ ಧುಮುಕುತ್ತದೆ. ಆಗ ಕೇಳುವ ಜೋರು ಸದ್ದು ಗಂಟಲಿಂದ ಬರುವುದಲ್ಲ, ಬಾಲದ ಗರಿಯದು. ಬೇರೆ ಹಕ್ಕಿ ಫೀಡರ್ ಹತ್ತಿರ ಬಂದರೆ ಓಡಿಸುತ್ತದೆ. ಅದಕ್ಕೇ ಇನ್ನೊಂದು ಫೀಡರನ್ನು ಇದರ ಕಣ್ಣಿಗೆ ಬೀಳದಂತೆ ಮನೆಯ ಮತ್ತೊಂದು ಮಗ್ಗುಲಲ್ಲಿ ತೂಗುಹಾಕಿದ್ದೇನೆ.

ಬರೀ ಸಿಹಿ ಕುಡಿದು ಬದುಕುವ ಹಕ್ಕಿಯಲ್ಲ ಇದು. ನುಸಿ, ಸಣ್ಣ ಜೇಡ ಎಲ್ಲ ಬೇಕು. ಹಾಗಾಗಿ ನಮ್ಮಲ್ಲಿ ಕೀಟನಾಶಕ ಹೊಡೆಯುವುದಿಲ್ಲ. ಗುಲಾಬಿಗೆ ಹೇನು ಹತ್ತಿದರೂ ನೀರಿನ ಪೈಪೇ ಗತಿ. ಸೂರಿನಡಿಯ ಜೇಡರ ಬಲೆಯನ್ನೂ ಮುಟ್ಟುವುದಿಲ್ಲ. "ಮನೆ ತುಂಬ ಬಲೆ, ಇದೇನು ಲಕ್ಷಣ?" ಅಂತ ಅತ್ತೆ ಪೊರಕೆ ಹಿಡಿದೇ ಹೊರಟಿದ್ದರು. ಅಷ್ಟರಲ್ಲಿ ಹೆಣ್ಣು ಹಕ್ಕಿ ಬಂತು. ಗಾಳಿಯಲ್ಲಿ ನಿಂತಲ್ಲೇ ನಿಂತು, ಕೊಕ್ಕನ್ನು ಬಲೆಗೆ ಚುಚ್ಚಿ, ಎಳೆ ಸುತ್ತಿಕೊಂಡು ಹೋಯಿತು. ಗೂಡು ಕಟ್ಟಲು ಅದೇ ನೂಲು. ಅದು ಹಿಗ್ಗುವ ನೂಲಾದ್ದರಿಂದ ಮರಿ ಬೆಳೆದ ಹಾಗೆ ಗೂಡೂ ಹಿಗ್ಗುತ್ತದೆ. ಅತ್ತೆ ಪೊರಕೆ ಕೆಳಗಿಟ್ಟರು.

ಡಿಸೆಂಬರ್‌ನಿಂದಲೇ ಗೂಡು ಕಟ್ಟಲು ಶುರುಮಾಡಬಹುದು, ಅದಕ್ಕೇ ಕೊಂಬೆ ಸವರುವ ಮುಂಚೆ ಚೆನ್ನಾಗಿ ಹುಡುಕಿ. ಅರ್ಧ ಅಕ್ರೋಟಿನಷ್ಟು ಗೂಡು, ಮೇಲೆ ಕಲ್ಲುಹೂವಿನ ಚೂರು ಅಂಟಿಸಿರುತ್ತದೆ. ಕಣ್ಣಿಗೆ ಬೀಳುವುದು ಕಷ್ಟ. ಮೊಟ್ಟೆ, ಮರಿ ಇರುವ ಗೂಡು ಕೀಳುವುದು ಅಮೆರಿಕದ 1918ರ ವಲಸೆ ಹಕ್ಕಿಗಳ ಕಾಯ್ದೆ ಪ್ರಕಾರ ಅಪರಾಧ. ನಮ್ಮ ನಿಂಬೆಗೆ ಕತ್ತರಿ ಬೀಳುವುದು ಇಲ್ಲಿಯ ಮಳೆಗಾಲಕ್ಕೆ ಮುಂಚೆ, ಅಕ್ಟೋಬರ್‌ನಲ್ಲಿ ಮಾತ್ರ. ಅಲ್ಲಿಯ ತನಕ ಉಪ್ಪಿನಕಾಯಿಗೆ ಕೈಗೆಟುಕಿದಷ್ಟೇ ಹಣ್ಣು.