ಮಾಲ್ಟಾಕ್ಕೆ ಹೊರಟಿರುವ ದಾವಣಗೆರೆ ತಮ್ಮಂದಿರಿಗೆ

ರಜೆಗೆ ಊರಿಗೆ ಬಂದು ಮೂರು ವಾರ ಆಯ್ತು. ನಿಟ್ಟುವಳ್ಳಿಯ ನಮ್ಮ ಮನೆಗೆ ಎರಡು ದಿನಕ್ಕೊಮ್ಮೆಯಾದರೂ ಯಾರೋ ಒಬ್ಬ ಹುಡುಗ ಬರುತ್ತಾನೆ. "ಅಣ್ಣಾ, ಮಾಲ್ಟಾದಲ್ಲಿ ಕೆಲಸ ಸಿಕ್ಕಿದೆ, ಏನೇನು ತಗೊಂಡು ಹೋಗಬೇಕು?" ಎಂದು ಕೇಳುತ್ತಾನೆ. ಖಾರ ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡು ಅವರಿಗೆಲ್ಲ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಯುರೋಪಿನ ಆ ಪುಟ್ಟ ದ್ವೀಪದೇಶಕ್ಕೆ ನಾನು ಹೋಗಿದ್ದು 2019ರ ಜನವರಿಯಲ್ಲಿ, ಹೋಟೆಲ್ ಅಡುಗೆಮನೆ ಕೆಲಸಕ್ಕೆ. ಆಗ ನನಗೆ ಹೀಗೆ ಕೂರಿಸಿಕೊಂಡು ಹೇಳುವವರು ಯಾರೂ ಇರಲಿಲ್ಲ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಅಲ್ಲಿ ಇರಲೂ ದುಡಿಯಲೂ ಸೇರಿಸಿ ಕೊಡುವ ಸಿಂಗಲ್ ಪರ್ಮಿಟ್ ಎಂಬುದು ನಿಮ್ಮ ಮಾಲೀಕನ ಹೆಸರಿಗೆ ಕಟ್ಟಿಕೊಂಡಿರುತ್ತದೆ, ಕೆಲಸ ಬದಲಿಸಬೇಕಾದರೆ ಮತ್ತೆ ಅರ್ಜಿ ಹಾಕಬೇಕು. ಏಜೆಂಟರಿಗೆ ಕೊಡುವ ಒಂದೊಂದು ರೂಪಾಯಿಗೂ ರಸೀದಿ ಇಸಕೊಳ್ಳಿ. ನಾನು ಇಸಕೊಳ್ಳಲಿಲ್ಲ. ಅಪ್ಪ ಎತ್ತು ಮಾರಿ ಕೊಟ್ಟ ದುಡ್ಡಲ್ಲಿ ಅರ್ಧ ಎಲ್ಲಿ ಹೋಯಿತೋ ಇವತ್ತಿಗೂ ಲೆಕ್ಕ ಸಿಕ್ಕಿಲ್ಲ. ಆ ಮಾತು ಬಂದಾಗಲೆಲ್ಲ ಇಂದಿಗೂ ಹೊಟ್ಟೆ ಉರಿಯುತ್ತದೆ.

ಇನ್ನು ಬ್ಯಾಗಿನ ವಿಷಯ. ಅವ್ವ ಕಾಯಿಸಿದ ಎರಡು ಕೆಜಿ ತುಪ್ಪ, ಒಂದು ಡಬ್ಬಿ ಬೆಣ್ಣೆ ತುಂಬಿಕೊಂಡು ಹೋಗಿದ್ದೆ. ದಾವಣಗೆರೆಯವನು ಬೆಣ್ಣೆ ಬಿಟ್ಟು ಹೋಗುವುದುಂಟಾ? ಆದರೆ ಯುರೋಪಿಯನ್ ಯೂನಿಯನ್ ದೇಶಗಳಿಗೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವ ಹಾಗಿಲ್ಲ. ಏರ್‌ಪೋರ್ಟಿನಲ್ಲಿ ಎಲ್ಲ ತೆಗೆದಿಟ್ಟರು. ತಪ್ಪು ನನ್ನದೇ, ಕೇಳಿ ತಿಳಿದುಕೊಳ್ಳಬೇಕಿತ್ತು. ಅವ್ವನಿಗೆ ಇವತ್ತಿಗೂ ಹೇಳಿಲ್ಲ. ನೀವು ಶೇಂಗಾ ಚಟ್ನಿಪುಡಿ, ಖಾರದಪುಡಿ, ಜೋಳದ ಹಿಟ್ಟು ಒಯ್ಯಿರಿ. ದಪ್ಪನೆಯ ರಗ್ಗೊಂದು ಬೇಕೇ ಬೇಕು. ದ್ವೀಪ ಅಂದರೆ ವರ್ಷವಿಡೀ ಬಿಸಿಲು ಎಂದು ನಂಬಿ ನಾನು ಅಂಗಿ, ಪಂಚೆ ಅಷ್ಟೇ ಒಯ್ದಿದ್ದೆ. ಅಲ್ಲಿನ ಮನೆಗಳು ಹೆಚ್ಚಾಗಿ ಸುಣ್ಣಕಲ್ಲಿನವು. ಚಳಿಗಾಲದಲ್ಲಿ ಹೊರಗಿನ ಗಾಳಿಗಿಂತ ಒಳಗಿನ ಗೋಡೆಯೇ ಜಾಸ್ತಿ ತಣ್ಣಗಿರುತ್ತದೆ, ತೇವ ಹಿಡಿದು ಬಟ್ಟೆಗೆ ಬೂಸ್ಟು ಬರುತ್ತದೆ. ಬಾಡಿಗೆ ರೂಮನ್ನು ಫೋಟೋ ನೋಡಿ ಒಪ್ಪಬೇಡಿ. ನೆಲಮಹಡಿಯ ರೂಮಾದರೆ ಒಳಗೆ ಹೋಗಿ ಗೋಡೆ ಮುಟ್ಟಿ ನೋಡಿ.

ನೀವು ಲಿಂಗಾಯತರ ಮನೆಯವರೋ, ಮಾಂಸ ಮುಟ್ಟದವರೋ ಆಗಿದ್ದರೆ ಇನ್ನೊಂದು ಮಾತು. ಪಸ್ತಿತ್ಸಿ ಅಂತ ಪದರ ಪದರದ ತಿಂಡಿ ಬೀದಿ ಬೀದಿಯಲ್ಲಿ ಸಿಗುತ್ತದೆ, ಅಗ್ಗ. ಒಳಗೆ ಬಟಾಣಿ ಇರುವುದನ್ನು ನೋಡಿ ಆರು ತಿಂಗಳು ತಿಂದೆ. ಆ ಹಿಟ್ಟಿಗೆ ಹಂದಿ ಕೊಬ್ಬು ಹಾಕುವುದೂ ಉಂಟು ಎಂದು ಜೊತೆ ಕೆಲಸದವನು ಹೇಳಿದ ದಿನ ಊಟ ಸೇರಲಿಲ್ಲ. ಕೇಳಿ ತಿನ್ನಿ. ಕೇಳಿದರೆ ಅಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇವೆಲ್ಲ ಸಣ್ಣ ತಪ್ಪುಗಳು. ದೊಡ್ಡದು ಬೇರೆಯೇ ಇದೆ.

ಮಾಲ್ಟಾ ಎಷ್ಟು ದೊಡ್ಡದು ಗೊತ್ತಾ? ಪಕ್ಕದ ಗೋಜೋ, ಕೊಮಿನೋ ದ್ವೀಪ ಸೇರಿಸಿದರೂ 316 ಚದರ ಕಿಲೋಮೀಟರ್. ಮುಖ್ಯ ದ್ವೀಪದ ಉದ್ದ 27 ಕಿಲೋಮೀಟರ್. ಅಂದರೆ ಇಲ್ಲಿಂದ ಚಿತ್ರದುರ್ಗಕ್ಕೆ ಹೋಗುವ ದಾರಿಯ ಅರ್ಧ ಕೂಡ ಇಲ್ಲ. ಅಷ್ಟು ಚಿಕ್ಕ ಜಾಗದಲ್ಲಿ ನಾನು ನಾಲ್ಕು ವರ್ಷ ಇದ್ದೂ ಇರಲಿಲ್ಲ. ಬೆಳಿಗ್ಗೆ ಎದ್ದರೆ ಫೋನಿನಲ್ಲಿ ನಮ್ಮೂರಿನ ಪೇಪರ್ ಜನತಾವಾಣಿ. ಭದ್ರಾ ನಾಲೆಗೆ ನೀರು ಬಿಟ್ಟರಾ, ಅಶೋಕ ರಸ್ತೆಯ ರೈಲ್ವೆ ಗೇಟಿನ ಗೋಳು ಏನಾಯ್ತು, ಎಲ್ಲ ಗೊತ್ತಿತ್ತು. ನಾನು ಬಾಡಿಗೆಗಿದ್ದ ಹಮ್ರೂನ್ ಊರಲ್ಲಿ ಏನು ನಡೆಯುತ್ತಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಐಪಿಎಲ್ ನಡೆಯುವಾಗ ನಮಗೂ ಅವರಿಗೂ ಮೂರೂವರೆ ಗಂಟೆ ಅಂತರ. ಇಲ್ಲಿ ರಾತ್ರಿ 7.30ರ ಮ್ಯಾಚು ಅಲ್ಲಿ ಸಂಜೆ 4ಕ್ಕೆ ಶುರು. ಅದಕ್ಕೆ ತಕ್ಕಂತೆ ಶಿಫ್ಟ್ ಬೇಡಿಕೊಳ್ಳುತ್ತಿದ್ದೆ. ಒಂದು ಬೇಸಿಗೆ ಪೂರ್ತಿ ಆ ರೂಮಿನ ಬಾಗಿಲು ಹಾಕಿಕೊಂಡು ಕಳೆದೆ, ನೂರು ಹೆಜ್ಜೆ ಆಚೆ ಜನ ಬೀದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು.

ಅದರ ಪೆಟ್ಟು ಬಿದ್ದಿದ್ದು ಆಗಸ್ಟ್ ತಿಂಗಳ ಒಂದು ಭಾನುವಾರ. ಬಸ್‌ಸ್ಟಾಪಿನಲ್ಲಿ ಒಂದು ಗಂಟೆ ನಿಂತೆ, ಬಸ್ಸೇ ಇಲ್ಲ. ಆವತ್ತು ಸಂತ ಗಾಯೆತಾನೋ ಹಬ್ಬ. ಹಮ್ರೂನ್‌ನ ದೊಡ್ಡ ಬೀದಿ ಪೂರ್ತಿ ಬಂದ್. ಕೆಂಪು ಬಣ್ಣದವರು, ನೀಲಿ ಬಣ್ಣದವರು ಅಂತ ಊರಲ್ಲಿ ಎರಡು ಬ್ಯಾಂಡ್ ಕ್ಲಬ್ಬು, ಎರಡೂ ಕಡೆಯ ಜನ ಬಾಜಾ ಬಜಂತ್ರಿ ಹಿಡಿದು ಬೀದಿ ತುಂಬ ಕುಣಿಯುತ್ತಿದ್ದಾರೆ. ನಮ್ಮ ದುಗ್ಗಮ್ಮನ ಜಾತ್ರೆಗೆ ದಾವಣಗೆರೆ ಹಳೇ ಊರು ಹೇಗಿರುತ್ತದೋ ಹಾಗೆ. ನನಗೆ ಒಂದು ದಿನದ ಸಂಬಳ ಹೋಯಿತು. ಬಸ್ಸಿನ ದಾರಿ ಬದಲಾಗಿರುವುದು ಪೇಪರಿನಲ್ಲಿತ್ತು. ಅಲ್ಲಿ ಇಂಗ್ಲಿಷ್ ಪೇಪರ್‌ಗೆ ಬರವಿಲ್ಲ, ಟೈಮ್ಸ್ ಆಫ್ ಮಾಲ್ಟಾ 1935ರಿಂದ ಬರುತ್ತಿದೆ. ನಾನು ಓದುತ್ತಿರಲಿಲ್ಲ ಅಷ್ಟೇ.

ಓದಲು ಶುರು ಮಾಡಿದ್ದು ಮಾತ್ರ ಹಬ್ಬಕ್ಕಾಗಿ ಅಲ್ಲ. 2022ರ ಡಿಸೆಂಬರ್‌ನಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಜಾನ್ ಪಾಲ್ ಸೋಫಿಯಾ ಎಂಬ 20 ವರ್ಷದ ಹುಡುಗ ಸತ್ತ. ಅವನ ತಾಯಿ ಸುಮ್ಮನೆ ಕೂರಲಿಲ್ಲ. ಸರ್ಕಾರವೇ ಬಹಿರಂಗ ವಿಚಾರಣೆ ನಡೆಸಬೇಕೆಂದು ತಿಂಗಳುಗಟ್ಟಲೆ ಹೋರಾಡಿ, ಮರುವರ್ಷ ಅದನ್ನು ಪಡೆದೇ ತೀರಿದರು. ಆಗ ನನ್ನ ರೂಮಿನಲ್ಲಿ ನಾಲ್ಕು ಜನ, ಅವರಲ್ಲಿ ಇಬ್ಬರು ಕಟ್ಟಡ ಕೆಲಸದವರು. ಒಬ್ಬ ಹರಪನಹಳ್ಳಿ ಕಡೆಯವನು. ಅವನು ಹೆಲ್ಮೆಟ್ ಇಲ್ಲದೆ ಮೂರನೇ ಮಹಡಿ ಏರುತ್ತಿದ್ದ, ಕೇಳಿದರೆ ಕೆಲಸ ಹೋಗುತ್ತದೆ ಎಂದು ಬಾಯಿ ಮುಚ್ಚಿಕೊಂಡಿದ್ದ. ಆ ತಾಯಿಯ ಸುದ್ದಿ ಓದಿ ಹೇಳಿದ ಮೇಲೆ ಕೇಳಿದ. ಕೊಟ್ಟರು. ತಮ್ಮಂದಿರೇ, ಸ್ಥಳೀಯ ಸುದ್ದಿ ಓದಿ ಎಂದು ನಾನು ಕೈಮುಗಿದು ಹೇಳುತ್ತಿರುವುದು ಇದಕ್ಕೆ. ನಿಮ್ಮ ಜೀವದ ವಿಷಯ ಅದರಲ್ಲಿ ಇರುತ್ತದೆ.

2023ರ ಜುಲೈ ಇನ್ನೊಂದು. ಬಿಸಿಲಿನ ಝಳಕ್ಕೆ ನೆಲದೊಳಗಿನ ಕೇಬಲ್‌ಗಳು ಸುಟ್ಟು ದ್ವೀಪದ ತುಂಬ ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದರು. ಎರಡು ಬೀದಿ ಆಚೆ ಅವರ ಮಗಳ ಮನೆಯಲ್ಲಿ ಕರೆಂಟ್ ಇತ್ತಂತೆ. ನಮ್ಮ ಫ್ರಿಜ್ಜಿನಲ್ಲಿದ್ದ ಹಾಲು, ತರಕಾರಿ, ನಾನು ರುಬ್ಬಿಟ್ಟಿದ್ದ ದೋಸೆ ಹಿಟ್ಟು, ಎಲ್ಲ ಒಯ್ದು ಅಲ್ಲಿಟ್ಟರು. ಮಾರನೇ ದಿನ ಆ ಮನೆಯಲ್ಲೇ ಎಲ್ಲರಿಗೂ ದೋಸೆ ಹುಯ್ದೆ. ಅಜ್ಜಿಯ ಅಣ್ಣ ಎಳೆಯ ವಯಸ್ಸಿನಲ್ಲೇ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋದವರು. ಎರಡನೇ ಮಹಾಯುದ್ಧದ ನಂತರ ಹಾಗೆ ಹೋದ ಮಾಲ್ಟಾದವರು ಸಾವಿರಾರು ಜನ. "ನಿನ್ನ ತಾಯಿ ಕಾಯುತ್ತಾಳೆ, ದಿನಾ ಫೋನ್ ಮಾಡು" ಎಂದು ನನಗೆ ಹೇಳಿದವರು ಅವರು. ನಾಲ್ಕೂವರೆ ವರ್ಷ ಅವರ ಪಕ್ಕದಲ್ಲೇ ಇದ್ದು ಒಂದು "ಬಾಂಜು" ಬಿಟ್ಟರೆ ಮಾತಾಡಿಸಿರಲಿಲ್ಲ. ಬಾಂಜು ಅಂದರೆ ಅವರಲ್ಲಿ ಬೆಳಗಿನ ನಮಸ್ಕಾರ.

ಹರಪನಹಳ್ಳಿಯವನು ಈಗ ಹೆಂಡತಿ, ಮಗಳನ್ನು ಕರೆಸಿಕೊಂಡಿದ್ದಾನೆ. ಮಗುವಿಗೆ ಐದು ವರ್ಷ, ಶಾಲೆಯಲ್ಲಿ ಮಾಲ್ಟೀಸ್ ಕಲಿತು ಪಟಪಟ ಮಾತಾಡುತ್ತದೆ. ಆ ಭಾಷೆಯಲ್ಲಿ ಅಜ್ಜಿಗೆ ನಾನ್ನಾ ಅನ್ನುತ್ತಾರೆ. ಇದು ಪಕ್ಕದ ಮನೆಯವರನ್ನು ತೋರಿಸಿ "ನನ್ನ ನಾನ್ನಾ" ಎನ್ನುತ್ತದೆ. ಕೇಳಲು ಚೆಂದ. ಆದರೆ ಊರಿನ ಅಜ್ಜಿ ಫೋನಿನಲ್ಲಿ "ಬಾರವ್ವ, ರೊಟ್ಟಿ ತಿನ್ನು" ಅಂದರೆ ಮಗು ತಾಯಿಯ ಮುಖ ನೋಡುತ್ತದೆ. ಆ ಅಜ್ಜಿಯ ಕಣ್ಣು ನಾನು ನೋಡಿದ್ದೇನೆ. ಮಕ್ಕಳನ್ನು ಕರೆಸಿಕೊಳ್ಳುವವರು ಮನೆಯೊಳಗೆ ಕನ್ನಡ ಬಿಡಬೇಡಿ, ಬೀದಿಯ ಭಾಷೆಗೂ ಅಡ್ಡ ಬರಬೇಡಿ. ಇದಕ್ಕಿಂತ ಒಳ್ಳೆ ಉಪಾಯ ನನಗೆ ಹೊಳೆದಿಲ್ಲ.

ಆಟದ ವಿಷಯಕ್ಕೆ ಬರುತ್ತೇನೆ. ನಾವೆಲ್ಲ ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಬಾಲಿನಲ್ಲಿ ಬೆಳೆದವರು. ದಾವಣಗೆರೆ ಎಕ್ಸ್‌ಪ್ರೆಸ್ ಎಂದೇ ಹೆಸರಾದ ನಮ್ಮೂರಿನ ವಿನಯ್ ಕುಮಾರ್ ನಾಯಕನಾಗಿ ಕರ್ನಾಟಕಕ್ಕೆ 2013–14, 2014–15ರಲ್ಲಿ ಸಾಲಾಗಿ ಎರಡು ರಣಜಿ ಗೆಲ್ಲಿಸಿಕೊಟ್ಟಾಗ ಈ ಮೈದಾನದಲ್ಲಿ ಓಡಿ ಬಂದು ಬೌಲ್ ಮಾಡುವ ಹುಡುಗರೆಲ್ಲ ದಾವಣಗೆರೆ ಎಕ್ಸ್‌ಪ್ರೆಸ್ಸೇ. ಮಾಲ್ಟಾದಲ್ಲಿ ಕ್ರಿಕೆಟ್ ಎಲ್ಲಿದೆ ಎಂದು ನಾನು ಕೇಳಲೇ ಇಲ್ಲ. ಇದೆ. ಹಮ್ರೂನ್ ಪಕ್ಕದ ಮಾರ್ಸಾದಲ್ಲೇ ಮೈದಾನವಿದೆ, ಅವರ ದೇಶದ ತಂಡದಲ್ಲೂ ನಮ್ಮ ಉಪಖಂಡದ ಕಡೆಯವರೇ ಜಾಸ್ತಿ. ಅಲ್ಲಿಗೆ ಹೋದ ಮೇಲೆ ಗೆಳೆಯರು ಸಿಕ್ಕರು, ಈಗಿನ ಕೆಲಸವೂ ಅಲ್ಲೇ ಸಿಕ್ಕಿತು. ಅವರ ಊರಿನ ಆಟ ಮಾತ್ರ ಫುಟ್ಬಾಲ್. 2025ರಲ್ಲಿ ಹಮ್ರೂನ್ ಸ್ಪಾರ್ಟನ್ಸ್ ಕಾನ್ಫರೆನ್ಸ್ ಲೀಗಿನ ಮುಖ್ಯ ಹಂತಕ್ಕೆ ಹೋಯಿತು. ಮಾಲ್ಟಾದ ಯಾವ ಕ್ಲಬ್ಬೂ ಯುರೋಪಿನ ಟೂರ್ನಿಯಲ್ಲಿ ಅಲ್ಲಿವರೆಗೆ ಹೋಗಿರಲಿಲ್ಲ. ಆ ರಾತ್ರಿ ಬೀದಿಯಲ್ಲಿ ಕೆಂಪು ಕಪ್ಪು ಬಾವುಟ ಹಿಡಿದು ನಾನೂ ಇದ್ದೆ. ಅಜ್ಜಿ ಬಾಲ್ಕನಿಯಿಂದ ನನ್ನ ಹೆಸರು ಕೂಗಿದರು.

ಹೋದ ವಾರ ಸಂಜೆ ಹೈಸ್ಕೂಲ್ ಮೈದಾನಕ್ಕೆ ಹೋಗಿದ್ದೆ. ಆಡುತ್ತಿದ್ದ ಹುಡುಗರಲ್ಲಿ ಒಬ್ಬನೂ ಪರಿಚಯದವನಲ್ಲ. ಬೌಂಡರಿ ಹತ್ತಿರ ಬಂದ ಚೆಂಡು ಎತ್ತಿ ಎಸೆದೆ. "ಥ್ಯಾಂಕ್ಸ್ ಅಂಕಲ್" ಅಂದ ಒಬ್ಬ. ನನಗೆ 31 ವರ್ಷ. ಬೇಜಾರಾಯ್ತು, ಸುಳ್ಳು ಹೇಳಲ್ಲ. ಈ ಆರೇಳು ವರ್ಷದಲ್ಲಿ ಇಲ್ಲಿ ನನ್ನ ಜಾಗ ತುಂಬಿ ಹೋಗಿದೆ. ಹೊರಡುವಾಗ ಇದೊಂದನ್ನೂ ಲೆಕ್ಕಕ್ಕೆ ಇಟ್ಟುಕೊಂಡು ಹೊರಡಿ.

ಗುರುವಾರ ರಾತ್ರಿ ಹನ್ನೊಂದು ದಾಟಿದ ಮೇಲೆ ಹಾಸಿಗೆಯಲ್ಲಿ ಕೂತು ಫೋನಿನಲ್ಲಿ ಸ್ಪಾರ್ಟನ್ಸ್ ಮ್ಯಾಚು ನೋಡುತ್ತಿದ್ದೆ. ಅವ್ವ ನೀರು ಕುಡಿಯಲು ಎದ್ದವಳು "ಯಾರ ಆಟನಪ್ಪ ಅದು, ಇಷ್ಟು ಹೊತ್ತಲ್ಲಿ?" ಅಂದಳು. ಪಕ್ಕ ಕೂರಿಸಿಕೊಂಡು ಬೀದಿ, ಬಾವುಟ, ದೋಸೆ ತಿಂದ ಅಜ್ಜಿ, ಎಲ್ಲ ಹೇಳಿದೆ. ಅಜ್ಜಿಗೆ ಕೊಡು ಎಂದು ಬೆಳಿಗ್ಗೆ ಶೇಂಗಾ ಹೋಳಿಗೆ ಮಾಡಲು ಬೆಲ್ಲ ಕುಟ್ಟುತ್ತಾ ಕೂತಿದ್ದಳು. ತುಪ್ಪ ಹಚ್ಚಬೇಡ, ಎಣ್ಣೆಯಲ್ಲೇ ಬೇಯಿಸು ಎಂದಿದ್ದೇನೆ.

ನಿಟ್ಟುವಳ್ಳಿಯ ಇಬ್ಬರು ಹುಡುಗರು ಮುಂದಿನ ತಿಂಗಳು ಹೊರಡುತ್ತಿದ್ದಾರೆ. ನೀವೂ ಬರುವವರಾದರೆ, ರೂಮಿಗೆ ಸೇರಿದ ಮೊದಲ ಭಾನುವಾರ ಮಲಗಬೇಡಿ. ಬೆಳಿಗ್ಗೆ ಎಂಟಕ್ಕೆ ಮಾರ್ಸಾ ಮೈದಾನದ ಗೇಟಿನ ಹತ್ತಿರ ಇರುತ್ತೇನೆ. ಬ್ಯಾಟು ಬೇಡ, ನನ್ನ ಹತ್ತಿರ ಇದೆ.